ಹಾಡಿದವನೇ ಹಾಡಿನೊಡೆಯ: ಮಾಸ್ಟರ್ ಪಿ ಕಟ್ಟಿದ ನೋ ಲಿಮಿಟ್

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಸಿಡಿ ನೋಡಿ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ. ಇದು ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ರ‍್ಯಾಪರ್ ಮಾಸ್ಟರ್ ಪಿ ಅವರ ನೋ ಲಿಮಿಟ್ ಕಂಪನಿಯದ್ದು, 1990ರ ದಶಕದ ಕೊನೆಯ ವರ್ಷಗಳದ್ದು. ಮೂಲೆಯಲ್ಲಿ ಒಂದು ಯುದ್ಧದ ಟ್ಯಾಂಕ್ ಚಿತ್ರ ಇದೆ, ಅದೇ ಕಂಪನಿಯ ಗುರುತು. ಈಗ ಒಳಗಿನ ಪುಟ್ಟ ಪುಸ್ತಿಕೆ ತೆಗೆಯಿರಿ. ಅಂಥ ಪುಸ್ತಿಕೆಯಲ್ಲಿ ಸಾಮಾನ್ಯವಾಗಿ ಏನಿರುತ್ತೆ? ಹಾಡಿನ ಸಾಲುಗಳು, ಅಮ್ಮನಿಗೂ ದೇವರಿಗೂ ಥ್ಯಾಂಕ್ಸ್. ಇಲ್ಲಿ ಪುಟ ತಿರುಗಿಸಿದರೆ ಸಿಗುವುದು ಜಾಹೀರಾತು. ಇದೇ ಕಂಪನಿಯಿಂದ ಮುಂದೆ ಬರಲಿರುವ ಆಲ್ಬಂಗಳ ಮುಖಪುಟಗಳು, ಒಂದರ ಪಕ್ಕ ಒಂದು. ನೀವು ದುಡ್ಡು ಕೊಟ್ಟು ಒಂದು ಸಿಡಿ ಕೊಂಡಿದ್ದೀರಿ. ಅದನ್ನು ಬಿಚ್ಚಿದ ಕ್ಷಣವೇ ಮುಂದಿನದ್ದಕ್ಕೆ ಕಾಯುವ ಹಾಗೆ ಮಾಡಿದ್ದಾರೆ.

ಇದನ್ನು ಮೊದಲ ಸಲ ನೋಡಿದಾಗ ನನಗೆ ಹೊಳೆದದ್ದು ಇಷ್ಟೇ. ಇದು ಅಂಗಡಿಯ ಗಲ್ಲಾಪೆಟ್ಟಿಗೆ ಹಿಂದೆ ಕೂತು ಗಿರಾಕಿಯ ಮುಖ ನೋಡಿದವರ ತಲೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೂ ಅದನ್ನೇ. ಮಾಸ್ಟರ್ ಪಿ ಅವರಿಗಿಂತ ಚೆನ್ನಾಗಿ ರ‍್ಯಾಪ್ ಮಾಡುವವರು ಅದೇ ಊರಲ್ಲಿ ಬೇಕಾದಷ್ಟು ಜನ ಇದ್ದರು. ಅವರ ಸ್ವಂತ ಕಂಪನಿಯಲ್ಲೇ ಇದ್ದರು. ಆದರೆ ಹಾಡು ಯಾರದ್ದು, ಅದರ ದುಡ್ಡು ಯಾರಿಗೆ ಹೋಗುತ್ತೆ ಅನ್ನುವ ಪ್ರಶ್ನೆಯನ್ನು ಅವರಷ್ಟು ಗಟ್ಟಿಯಾಗಿ ಹಿಡಿದವರು ಆಗ ತುಂಬಾ ಕಡಿಮೆ.

ಅವರ ನಿಜವಾದ ಹೆಸರು ಪರ್ಸಿ ಮಿಲ್ಲರ್. ಬೆಳೆದದ್ದು ನ್ಯೂ ಆರ್ಲಿಯನ್ಸ್‌ನ ಕ್ಯಾಲಿಯೋಪ್ ಪ್ರಾಜೆಕ್ಟ್ಸ್‌ನಲ್ಲಿ. ಪ್ರಾಜೆಕ್ಟ್ಸ್ ಅಂದರೆ ಬಡವರಿಗಾಗಿ ಸರ್ಕಾರ ಕಟ್ಟಿಸಿದ ಬಾಡಿಗೆ ಮನೆಗಳ ಸಮುಚ್ಚಯ. 1940ರ ದಶಕದ ಆರಂಭದಲ್ಲಿ ಕಟ್ಟಿದ ಇಟ್ಟಿಗೆ ಕಟ್ಟಡಗಳು. ಕ್ಯಾಲಿಯೋಪಿ ಅಂದರೆ ಗ್ರೀಕ್ ಪುರಾಣದಲ್ಲಿ ಕಾವ್ಯದ ದೇವತೆ. ಆ ಊರಲ್ಲಿ ಒಂಬತ್ತು ಕಲಾದೇವತೆಯರ ಹೆಸರಿನ ಬೀದಿಗಳಿವೆ. ಊರಿನವರ ಬಾಯಲ್ಲಿ ಅದು 'ಕ್ಯಾಲಿಯೋಪ್' ಆಗಿದೆ. ಹೆಸರಾಂತ ಸಂಗೀತಗಾರರಾದ ನೆವಿಲ್ ಬ್ರದರ್ಸ್ ಕೂಡ ಅಲ್ಲಿಯೇ ಬೆಳೆದವರು. ಪರ್ಸಿ ಹುಡುಗನಾಗುವ ಹೊತ್ತಿಗೆ ಆ ಕಟ್ಟಡಗಳ ಸುತ್ತ ಡ್ರಗ್ಸ್, ಬಂದೂಕು, ಸಾವು ದಿನನಿತ್ಯದ ಮಾತಾಗಿತ್ತು. ಐವರು ಮಕ್ಕಳಲ್ಲಿ ಅವರೇ ದೊಡ್ಡವರು. ತಮ್ಮ ಕೆವಿನ್‌ನನ್ನು 1990ರಲ್ಲಿ ಅದೇ ಊರಲ್ಲಿ ಕೊಂದರು.

ಪರ್ಸಿ ಒಳ್ಳೆಯ ಬಾಸ್ಕೆಟ್‌ಬಾಲ್ ಆಟಗಾರ. ಆಟದ ಆಸೆ ಹೊತ್ತು ಹ್ಯೂಸ್ಟನ್‌ಗೆ ಹೋದರು, ಅದು ಕೈಗೂಡಲಿಲ್ಲ. ಅಲ್ಲಿಂದ ಕ್ಯಾಲಿಫೋರ್ನಿಯಾಗೆ ಹೋಗಿ ಓಕ್ಲಂಡ್‌ನ ಮೆರಿಟ್ ಕಾಲೇಜಿನಲ್ಲಿ ಬಿಸಿನೆಸ್ ಓದಿದರು. ತಾತ ತೀರಿಕೊಂಡಾಗ ಬಂದ ಪರಿಹಾರದ ಹಣದಲ್ಲಿ ಮೊಮ್ಮಗನಿಗೆ ಸಿಕ್ಕಿದ್ದು 10,000 ಡಾಲರ್. ಅದನ್ನು ಇಟ್ಟುಕೊಂಡು ಓಕ್ಲಂಡ್ ಪಕ್ಕದ ರಿಚ್ಮಂಡ್ ಎಂಬ ಊರಲ್ಲಿ ಕ್ಯಾಸೆಟ್, ರೆಕಾರ್ಡ್ ಮಾರುವ ಅಂಗಡಿ ತೆರೆದರು. ಅಂಗಡಿಯ ಹೆಸರೇ ನೋ ಲಿಮಿಟ್.

ಈ ಅಂಗಡಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ದೊಡ್ಡ ಕಂಪನಿಯ ಮ್ಯಾನೇಜರ್‌ಗೆ ಗೊತ್ತಿಲ್ಲದ ಎಷ್ಟೋ ವಿಷಯ ಕ್ಯಾಸೆಟ್ ಅಂಗಡಿಯವನಿಗೆ ಗೊತ್ತಿರುತ್ತೆ. ಯಾವ ಕ್ಯಾಸೆಟ್ ಖಾಲಿಯಾಯಿತು, ಯಾವುದು ಧೂಳು ಹಿಡಿಯುತ್ತಿದೆ, ಹುಡುಗರು ಬಂದು ಏನು ಕೇಳಿ ಇಲ್ಲ ಅನ್ನಿಸಿಕೊಂಡು ವಾಪಸ್ ಹೋಗುತ್ತಾರೆ. ಮುಖಪುಟ ನೋಡಿ ಯಾರು ಕೈಗೆತ್ತಿಕೊಳ್ಳುತ್ತಾರೆ, ಬೆಲೆ ಕೇಳಿ ಯಾರು ಇಟ್ಟುಬಿಡುತ್ತಾರೆ. ರೇಡಿಯೋದಲ್ಲಿ ಬಾರದ, ಟಿವಿಯಲ್ಲಿ ಕಾಣದ ಹಾಡಿಗೂ ಗಿರಾಕಿ ಇದ್ದಾರೆ ಅನ್ನುವುದು ಅಂಥ ಅಂಗಡಿಯಲ್ಲಿ ಕಣ್ಣಿಗೇ ಕಾಣುತ್ತೆ. ಪರ್ಸಿ ಮಿಲ್ಲರ್ ಓದಿದ ನಿಜವಾದ ಕಾಲೇಜು ಅದು.

ಅಂಗಡಿಯ ಹೆಸರೇ ಆಮೇಲೆ ಕಂಪನಿಯ ಹೆಸರಾಯಿತು. 1991ರಿಂದ ಅವರು ಸ್ವಂತ ಆಲ್ಬಂ ತರತೊಡಗಿದರು. ಕಾರಿನ ಡಿಕ್ಕಿಯಲ್ಲಿ ಕ್ಯಾಸೆಟ್ ತುಂಬಿಕೊಂಡು ಊರಿಂದೂರಿಗೆ ಹೋಗಿ ಮಾರಿದರು. ಮೊದಲ ಆಲ್ಬಂಗಳು ಅಷ್ಟೇನೂ ಚೆನ್ನಾಗಿಲ್ಲ, ಕ್ಯಾಲಿಫೋರ್ನಿಯಾದವರ ಧಾಟಿಯನ್ನು ಹಿಡಿಯಲು ಹೊರಟಂತೆ ಕೇಳುತ್ತವೆ. ಆದರೂ ಮಾರಾಟವಾದವು. ಆಗ ಒಂದು ಅನುಕೂಲವೂ ಇತ್ತು. 1991ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಹೆಚ್ಚು ಮಾರಾಟವಾದ ಆಲ್ಬಂಗಳ ಪಟ್ಟಿ ಮಾಡುವ ರೀತಿಯನ್ನೇ ಬದಲಾಯಿಸಿತ್ತು. ಅಲ್ಲಿಯವರೆಗೆ ಅಂಗಡಿಯವರಿಗೆ ಫೋನ್ ಮಾಡಿ, ಅವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಆಮೇಲೆ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ ಬಂತು. ಗಲ್ಲಾಪೆಟ್ಟಿಗೆ ಹತ್ತಿರ ಬಾರ್‌ಕೋಡ್ 'ಬೀಪ್' ಅಂದಾಗಲೇ ಲೆಕ್ಕ. ಸಣ್ಣ ಊರಿನ ಸಣ್ಣ ಅಂಗಡಿಯಲ್ಲಿ ಮಾರಿದ ರ‍್ಯಾಪ್ ಕೂಡ ಎಣಿಕೆಗೆ ಸಿಗುವ ಹಾಗಾಯಿತು. ನ್ಯೂಯಾರ್ಕ್, ಲಾಸ್ ಏಂಜಲೀಸ್ ಕಂಪನಿಗಳಿಗೆ 'ಯಾರಪ್ಪ ಇವನು?' ಅನ್ನಿಸಿದ್ದು ಅಂಥ ಲೆಕ್ಕ ನೋಡಿಯೇ.

ಇನ್ನು ಕರಾರಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಕಥೆ ನಿಂತಿರುವುದು ಇದರ ಮೇಲೆ.

ಒಬ್ಬ ಹೊಸ ಹಾಡುಗಾರ ದೊಡ್ಡ ಕಂಪನಿಗೆ ಸಹಿ ಹಾಕಿದಾಗ ಏನಾಗುತ್ತೆ? ಕಂಪನಿ ಒಂದಿಷ್ಟು ಮುಂಗಡ ಕೊಡುತ್ತೆ. ಸ್ಟುಡಿಯೋ ಖರ್ಚು ಕೊಡುತ್ತೆ, ವಿಡಿಯೋ ಮಾಡಿಸುತ್ತೆ. ಹುಡುಗ ಖುಷಿಯಾಗಿ ಕಾರು ಕೊಳ್ಳುತ್ತಾನೆ. ಆದರೆ ಆ ಮುಂಗಡ, ಆ ಖರ್ಚು ಎಲ್ಲ ಅವನ ತಲೆಯ ಮೇಲಿನ ಸಾಲ. ಮಾರಾಟದಲ್ಲಿ ಅವನ ಪಾಲು ಸಣ್ಣದು, ನೂರಕ್ಕೆ ಹತ್ತೋ ಹದಿನೈದೋ. ಸಾಲ ಚುಕ್ತಾ ಆಗಬೇಕಾದದ್ದು ಆ ಸಣ್ಣ ಪಾಲಿನಿಂದಲೇ. ಸಾಲ ತೀರಿದ ಮೇಲಾದರೂ ಹಾಡು ಅವನದ್ದಾಗುತ್ತಾ? ಇಲ್ಲ. ಮೂಲ ಧ್ವನಿಮುದ್ರಣ, ಅಂದರೆ ಮಾಸ್ಟರ್ಸ್, ಕಂಪನಿಯ ಹತ್ತಿರವೇ ಉಳಿಯುತ್ತೆ. ನಮ್ಮ ಸಿನಿಮಾದವರು 'ಆಡಿಯೋ ರೈಟ್ಸ್ ಯಾರ ಹತ್ತಿರ ಇದೆ?' ಅಂತ ಕೇಳುತ್ತಾರಲ್ಲ, ಅದೇ ಪ್ರಶ್ನೆ. ಹಳ್ಳಿಯ ಮಾತಲ್ಲಿ ಹೇಳಬೇಕೆಂದರೆ ಇದು ಗೇಣಿ ಒಕ್ಕಲುತನ. ಉಳುವವನು ಒಬ್ಬ, ಬೆಳೆ ಅಳೆದುಕೊಂಡು ಹೋಗುವವನು ಇನ್ನೊಬ್ಬ. 'ಉಳುವವನೇ ಹೊಲದೊಡೆಯ' ಅನ್ನುವ ಘೋಷಣೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳುವುದು ಬೇಕಾಗಿಲ್ಲ.

ಮಾಸ್ಟರ್ ಪಿ ಅವರೇ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿಕೊಂಡಿರುವ ಒಂದು ಪ್ರಸಂಗ ಇದೆ. ಇಂಟರ್‌ಸ್ಕೋಪ್ ಕಂಪನಿಯ ಜಿಮ್ಮಿ ಅಯೋವಿನ್ ಅವರಿಂದ ಹತ್ತು ಲಕ್ಷ ಡಾಲರ್ ಕೊಡುವ ಮಾತು ಬಂತು. ಕೈಯಲ್ಲಿ ದುಡ್ಡಿಲ್ಲದ ಕಾಲ. ಆದರೂ ಅವರು ಬೇಡ ಅಂದರು. ಇವರೇ ಇಷ್ಟು ಕೊಡಲು ಬಂದಿದ್ದಾರೆ ಅಂದರೆ ನನ್ನ ಹತ್ತಿರ ಇರುವುದಕ್ಕೆ ಇನ್ನೂ ಜಾಸ್ತಿ ಬೆಲೆ ಇರಬೇಕಲ್ಲ ಅನ್ನುವುದು ಅವರ ಲೆಕ್ಕ. ನಮ್ಮಲ್ಲಿ ಎಷ್ಟು ಜನ ಹಾಗೆ ಎದ್ದು ಬರುತ್ತಿದ್ದೆವು? ನಾನಂತೂ ಬರುತ್ತಿರಲಿಲ್ಲ ಅನ್ನಿಸುತ್ತೆ.

ಕೊನೆಗೆ ಅವರು ಕೈ ಜೋಡಿಸಿದ್ದು ಪ್ರಯಾರಿಟಿ ರೆಕಾರ್ಡ್ಸ್ ಜೊತೆ. ಎನ್.ಡಬ್ಲ್ಯೂ.ಎ. ಎಂಬ ಹೆಸರಾಂತ ರ‍್ಯಾಪ್ ತಂಡದ ಆಲ್ಬಂಗಳನ್ನು ಹಂಚಿದ ಕಂಪನಿ ಅದು. ಒಪ್ಪಂದ ಬರೀ ಹಂಚಿಕೆಗೆ ಸೀಮಿತ. ಹಾಡು ಮಾಡುವ ಖರ್ಚು, ಪ್ರಚಾರದ ಖರ್ಚು ನೋ ಲಿಮಿಟ್‌ನದ್ದು. ಅಂಗಡಿಗಳಿಗೆ ತಲುಪಿಸುವ ಕೆಲಸ ಪ್ರಯಾರಿಟಿಯದ್ದು. ಎಲ್ಲರೂ ಹೇಳುವ ಲೆಕ್ಕದ ಪ್ರಕಾರ ಬಂದದ್ದರಲ್ಲಿ ನೂರಕ್ಕೆ 85 ನೋ ಲಿಮಿಟ್‌ಗೆ, 15 ಪ್ರಯಾರಿಟಿಗೆ. ಮಾಸ್ಟರ್ಸ್ ಪೂರ್ತಿಯಾಗಿ ನೋ ಲಿಮಿಟ್ ಹತ್ತಿರ. ನಷ್ಟವಾದರೆ ಅದೂ ತನ್ನದೇ ಅನ್ನುವ ಎದೆಗಾರಿಕೆ ಇಂಥ ಕರಾರಿಗೆ ಬೇಕು. ಆಮೇಲೆ, 1998ರಲ್ಲಿ, ಅದೇ ಊರಿನ ಕ್ಯಾಶ್ ಮನಿ ಕಂಪನಿಯವರು ದೊಡ್ಡ ಕಂಪನಿ ಯೂನಿವರ್ಸಲ್ ಜೊತೆ ಮಾತಿಗೆ ಕೂತಾಗ ಮಾಸ್ಟರ್ಸ್ ಬಿಟ್ಟುಕೊಡಲಿಲ್ಲ. ಆ ಧೈರ್ಯಕ್ಕೆ ದಾರಿ ಆಗಲೇ ಆಗಿತ್ತು.

ಹಾಗಂತ ಅಮೆರಿಕದ ದಕ್ಷಿಣದಲ್ಲಿ ಇವರೇ ಮೊದಲಿಗರು ಅಂತ ನಾನು ಹೇಳುವುದಿಲ್ಲ. ಹ್ಯೂಸ್ಟನ್‌ನಲ್ಲಿ ಜೆ. ಪ್ರಿನ್ಸ್ ಅವರು 1980ರ ದಶಕದಲ್ಲೇ ರ‍್ಯಾಪ್-ಎ-ಲಾಟ್ ಕಂಪನಿ ಕಟ್ಟಿದ್ದರು. ಆದರೂ ದಕ್ಷಿಣದವರ ರ‍್ಯಾಪ್ ಅಂದರೆ ನ್ಯೂಯಾರ್ಕ್‌ಗೆ ತಾತ್ಸಾರ. 1995ರ ಆಗಸ್ಟ್‌ನಲ್ಲಿ ಸೋರ್ಸ್ ಎಂಬ ರ‍್ಯಾಪ್ ಪತ್ರಿಕೆಯ ಪ್ರಶಸ್ತಿ ಸಮಾರಂಭದಲ್ಲಿ ಅಟ್ಲಾಂಟಾದ ಔಟ್‌ಕಾಸ್ಟ್ ಜೋಡಿಗೆ ಪ್ರಶಸ್ತಿ ಬಂದಾಗ ಸಭೆಯವರು ಕೂಗಿ ಅವಮಾನ ಮಾಡಿದರು. ದಕ್ಷಿಣದವರಿಗೂ ಹೇಳೋದು ಇದೆ ಅಂತ ಆ ಜೋಡಿಯ ಆಂದ್ರೆ 3000 ವೇದಿಕೆಯ ಮೇಲೆ ನಿಂತು ಉತ್ತರ ಕೊಟ್ಟರು. ಅದೇ ವರ್ಷ ಮಾಸ್ಟರ್ ಪಿ ಮತ್ತು ಅವರ ತಮ್ಮಂದಿರಾದ ಸಿಲ್ಕ್ ದ ಶಾಕರ್, ಸಿ-ಮರ್ಡರ್ ಸೇರಿದ 'ಟ್ರೂ' ತಂಡದ 'ಐ ಆಮ್ ಬೌಟ್ ಇಟ್, ಬೌಟ್ ಇಟ್' ಹಾಡು ಬಂತು. ಅದರಲ್ಲಿ ಅವರು ಕ್ಯಾಲಿಫೋರ್ನಿಯಾದ ಧಾಟಿ ಬಿಟ್ಟು ತಮ್ಮೂರಿನ ನಾಲಿಗೆಗೆ ವಾಪಸ್ ಬಂದರು. ನನ್ನ ಕಿವಿಗೆ ಮಾಸ್ಟರ್ ಪಿ ನಿಜವಾಗಿ ಶುರುವಾಗುವುದು ಅಲ್ಲಿಂದ.

ನ್ಯೂ ಆರ್ಲಿಯನ್ಸ್‌ನ ನಾಲಿಗೆ ಅಂದರೆ ಏನು? ಅದು ಜಾಝ್ ಹುಟ್ಟಿದ ಊರು. ಹೆಣ ಒಯ್ಯುವಾಗಲೂ ಹಿತ್ತಾಳೆ ವಾದ್ಯದವರು ಮುಂದೆ, ಕುಣಿಯುವ ಜನ ಹಿಂದೆ. ಶಾಲೆ ಶಾಲೆಗೂ ಮಾರ್ಚಿಂಗ್ ಬ್ಯಾಂಡ್. 1990ರ ದಶಕದ ಮೊದಲಲ್ಲಿ ಅಲ್ಲಿಯ ಬೀದಿ ಪಾರ್ಟಿಗಳಲ್ಲಿ ಬೌನ್ಸ್ ಎಂಬ ಸಂಗೀತ ಹುಟ್ಟಿತು. ಒಬ್ಬ ಕೂಗುತ್ತಾನೆ, ಜನ ತಿರುಗಿ ಕೂಗುತ್ತಾರೆ. ಒಬ್ಬ ಹೇಳುವುದು, ಮೇಳದವರು ಸೊಲ್ಲು ಎತ್ತುವುದು ನಮ್ಮ ಜನಪದ ಹಾಡುಗಳಲ್ಲೂ ಇದೆ ಅಲ್ವಾ, ಹಾಗೆ. ನೋ ಲಿಮಿಟ್‌ನ ಒಳಗಿದ್ದ ಸಂಗೀತಗಾರರ ತಂಡದ ಹೆಸರು ಬೀಟ್ಸ್ ಬೈ ದ ಪೌಂಡ್. ಕೆಎಲ್‌ಸಿ, ಮೋ ಬಿ. ಡಿಕ್, ಕ್ರೇಗ್ ಬಿ, ಓಡೆಲ್, ಆಮೇಲೆ ಬಂದ ಕಾರ್ಲೋಸ್ ಸ್ಟೀಫನ್ಸ್. ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತವೆ. ಅವರ ಡ್ರಮ್‌ನಲ್ಲಿ ಆ ಮಾರ್ಚಿಂಗ್ ಬ್ಯಾಂಡ್‌ನ ಹೆಜ್ಜೆ ಕೇಳಿಸುತ್ತೆ.

ಮುಖಪುಟಗಳ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತೆ. ಅವನ್ನು ಮಾಡಿದವರು ಹ್ಯೂಸ್ಟನ್‌ನ ಪೆನ್ ಅಂಡ್ ಪಿಕ್ಸೆಲ್, ಆ್ಯರನ್ ಮತ್ತು ಶಾನ್ ಬ್ರಾಕ್ ಎಂಬ ಅಣ್ಣತಮ್ಮಂದಿರ ಸಂಸ್ಥೆ. ಅಕ್ಷರದ ತುಂಬ ವಜ್ರ, ಹಿಂದೆ ಬೆಂಕಿ, ಚಿನ್ನದ ಹಲ್ಲು, ದುಬಾರಿ ಕಾರು, ಎಲ್ಲವನ್ನೂ ಕಂಪ್ಯೂಟರ್‌ನಲ್ಲಿ ಕತ್ತರಿಸಿ ಅಂಟಿಸಿದ್ದು. ಓದಿದವರು ಆಗ ಇದನ್ನು ನೋಡಿ ಮೂಗು ಮುರಿದರು. ಆದರೆ ಅಂಗಡಿಯ ಕಪಾಟಿನಲ್ಲಿ ಇನ್ನೂರು ಸಿಡಿಗಳ ನಡುವೆ ಕಣ್ಣು ಹೋಗಿ ನಿಲ್ಲುವುದು ಅದರ ಮೇಲೆಯೇ. ನನಗೆ ಅದರಲ್ಲಿ ಜಾತ್ರೆಯ ಬಣ್ಣ ಕಾಣುತ್ತೆ.

1996ರಲ್ಲಿ ಮಾಸ್ಟರ್ ಪಿ ಅವರ 'ಐಸ್ ಕ್ರೀಮ್ ಮ್ಯಾನ್' ಆಲ್ಬಂ ಬಂತು. 1997ರ ಸೆಪ್ಟೆಂಬರ್‌ನಲ್ಲಿ ಬಂದ 'ಘೆಟ್ಟೋ ಡಿ' ಬಿಡುಗಡೆಯಾದ ವಾರವೇ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದರೊಳಗಿನ 'ಮೇಕ್ ಎಮ್ ಸೇ ಅಹ್!' ಹಾಡು ಹಾಡುಗಳ ಪಟ್ಟಿಯಲ್ಲಿ 16ನೇ ಸ್ಥಾನದವರೆಗೆ ಏರಿತು. ಆ ವಿಡಿಯೋ ನೋಡಿದವರು ಮರೆಯಲಾರರು. ಬಾಸ್ಕೆಟ್‌ಬಾಲ್ ಅಂಕಣದ ಮೇಲೆ ಚಿನ್ನದ ಬಣ್ಣದ ಟ್ಯಾಂಕ್, ಸುತ್ತ ಕುಣಿಯುವ ಜನ. ಅದೇ ಹಾಡಲ್ಲಿ ನೋ ಲಿಮಿಟ್‌ನ ರ‍್ಯಾಪರ್ ಮಿಯಾ ಎಕ್ಸ್ ಇದ್ದಾರೆ. ಅವರೂ ನ್ಯೂ ಆರ್ಲಿಯನ್ಸ್‌ನ ರೆಕಾರ್ಡ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರು. ಕೊನೆಯಲ್ಲಿ ಇನ್ನೊಬ್ಬ ರ‍್ಯಾಪರ್ ಮಿಸ್ಟಿಕಲ್ ಬಂದು ಕೂಗಾಡಿ ಹಾಡನ್ನೇ ಹೊತ್ತುಕೊಂಡು ಹೋಗುತ್ತಾರೆ.

ಈಗ ಒಂದು ಚೀಟಿ ಬಂದಿದೆ. 'ಈ ಹಾಡುಗಳ ತುಂಬ ಡ್ರಗ್ಸ್ ಮಾರುವ ಮಾತೇ ಇದೆಯಲ್ಲ, ಇದನ್ನು ಹೇಗೆ ಒಪ್ಪುತ್ತೀರಿ?' ಕೇಳಿದ್ದು ಒಳ್ಳೆಯದಾಯಿತು. 'ಐಸ್ ಕ್ರೀಮ್ ಮ್ಯಾನ್' ಅಂದರೆ ನಿಜವಾದ ಐಸ್ ಕ್ರೀಮ್ ಮಾರುವವನಲ್ಲ. 'ಘೆಟ್ಟೋ ಡಿ' ಆಲ್ಬಂನ ಮೊದಲ ಹಾಡಂತೂ ಕ್ರ್ಯಾಕ್ ಕೊಕೇನ್ ತಯಾರಿಸುವ ವಿಧಾನವನ್ನೇ ಹೇಳುತ್ತೆ. ಅದನ್ನು ನಾನು ಸಮರ್ಥಿಸುವುದಿಲ್ಲ. ಆ ಪದಾರ್ಥ ಎಷ್ಟು ಮನೆ ಹಾಳು ಮಾಡಿತು ಅನ್ನುವುದು ಆ ಕೇರಿಯವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೆ ಅದೇ ಆಲ್ಬಂನಲ್ಲಿ 'ಐ ಮಿಸ್ ಮೈ ಹೋಮೀಸ್' ಅನ್ನುವ ಹಾಡೂ ಇದೆ. ಸತ್ತ ಗೆಳೆಯರನ್ನು, ಕೊಲೆಯಾದ ತಮ್ಮನನ್ನು ನೆನೆದು ಹಾಡಿದ್ದು. ಅಲ್ಲಿ ದೊಡ್ಡ ಮಾತಿಲ್ಲ, ಜಂಬ ಇಲ್ಲ. ಮನೆಯ ಹಿರಿಯ ಮಗ ಸೂತಕದ ಮನೆಯಲ್ಲಿ ಕೂತು ಮಾತಾಡಿದ ಹಾಗಿದೆ. ಎರಡೂ ಒಬ್ಬರದೇ ಬಾಯಿಂದ ಬಂದವು. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಮಾತ್ರ ತೋರಿಸಿದರೆ ಆ ಜಾಗಕ್ಕೆ ಅನ್ಯಾಯ ಮಾಡಿದಂತೆ.

1998 ಅವರ ವರ್ಷ. ಒಂದೇ ವರ್ಷದಲ್ಲಿ ನೋ ಲಿಮಿಟ್ ಇಪ್ಪತ್ತಕ್ಕೂ ಹೆಚ್ಚು ಆಲ್ಬಂ ಹೊರತಂದಿತು. ಸರಾಸರಿ ಎರಡು ಮೂರು ವಾರಕ್ಕೆ ಒಂದು! ಕ್ಯಾಲಿಫೋರ್ನಿಯಾದ ಡೆತ್ ರೋ ಕಂಪನಿಯಿಂದ ಹೊರಬಂದಿದ್ದ ಹೆಸರಾಂತ ರ‍್ಯಾಪರ್ ಸ್ನೂಪ್ ಡಾಗ್ ಇಲ್ಲಿಗೆ ಬಂದರು. ಅವರ ಆಲ್ಬಂ ಮೊದಲ ವಾರವೇ ಐದು ಲಕ್ಷಕ್ಕೂ ಮೀರಿ ಮಾರಾಟವಾಯಿತು. ವ್ಯವಹಾರ ಅಂದರೆ ಏನು ಅಂತ ಕಲಿಸಿದವರು ಮಾಸ್ಟರ್ ಪಿ ಎಂದು ಸ್ನೂಪ್ ಇವತ್ತಿಗೂ ಪ್ರೀತಿಯಿಂದ ಹೇಳುತ್ತಾರೆ. ಮಾಸ್ಟರ್ ಪಿ ಅವರ ಸ್ವಂತ 'ಎಂಪಿ ದ ಲಾಸ್ಟ್ ಡಾನ್' ಕೂಡ ಮೊದಲ ಸ್ಥಾನದಲ್ಲೇ ಶುರುವಾಯಿತು. ಫೋರ್ಬ್ಸ್ ಪತ್ರಿಕೆ ಆ ವರ್ಷ ಅವರ ಗಳಿಕೆಯನ್ನು 5 ಕೋಟಿ 65 ಲಕ್ಷ ಡಾಲರ್ ಎಂದು ಲೆಕ್ಕ ಹಾಕಿ, ಮನರಂಜನೆ ಲೋಕದ ಹೆಚ್ಚು ದುಡಿಯುವವರ ಪಟ್ಟಿಯಲ್ಲಿ ಹತ್ತನೆಯವರನ್ನಾಗಿ ಕೂರಿಸಿತು. ಕ್ಯಾಲಿಯೋಪ್‌ನ ಹುಡುಗ! ಹಳೆಯ ಬಾಸ್ಕೆಟ್‌ಬಾಲ್ ಆಸೆಯೂ ಬಿಟ್ಟಿರಲಿಲ್ಲ. ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಷಾರ್ಲೆಟ್ ಹಾರ್ನೆಟ್ಸ್, ಆಮೇಲೆ ಟೊರಾಂಟೊ ರ‍್ಯಾಪ್ಟರ್ಸ್ ತಂಡಗಳ ಜೊತೆ ಋತು ಶುರುವಾಗುವ ಮೊದಲಿನ ತಯಾರಿಯಲ್ಲಿ ಆಡಿದರು. ಕೊನೆಯ ಆಯ್ಕೆಯಲ್ಲಿ ಉಳಿಯಲಿಲ್ಲ.

ಆದರೆ ಇಪ್ಪತ್ತು ಆಲ್ಬಂ ಅಂದರೆ ಇಪ್ಪತ್ತು ಒಳ್ಳೆಯ ಆಲ್ಬಂ ಇರಲು ಸಾಧ್ಯವಾ? ಇರಲಿಲ್ಲ. ಪುಸ್ತಿಕೆಯ ಜಾಹೀರಾತು ನಂಬಿ ಕೊಂಡ ಗಿರಾಕಿಗೆ ಒಂದೇ ಹಿಟ್ಟಿನ ದೋಸೆ ಎಷ್ಟು ದಿನ ಹಾಕಲು ಆಗುತ್ತೆ? ಅದಕ್ಕಿಂತ ದೊಡ್ಡ ಪೆಟ್ಟು 1999ರಲ್ಲಿ ಬಿತ್ತು. ಬೀಟ್ಸ್ ಬೈ ದ ಪೌಂಡ್‌ನವರು ಹಣ ಮತ್ತು ಕರಾರಿನ ಮನಸ್ತಾಪದಿಂದ ಹೊರನಡೆದರು. ಹೊರಗೆ ಹೋಗಿ ಮೆಡಿಸಿನ್ ಮೆನ್ ಎಂಬ ಹೆಸರಲ್ಲಿ ಕೆಲಸ ಮಾಡಿದರು. ಆ ಡ್ರಮ್ ಹೋಯಿತು, ನೋ ಲಿಮಿಟ್‌ನ ಧ್ವನಿಯೂ ಹೋಯಿತು. ಆಮೇಲಿನ ಆಲ್ಬಂಗಳನ್ನು ಕೇಳಿದರೆ ಯಾರಿಗಾದರೂ ಗೊತ್ತಾಗುತ್ತೆ.

ಈ ಜಾಗದಲ್ಲಿ ನನಗೆ ಬೇಜಾರಾಗುತ್ತೆ. ಉಳುವವನೇ ಹೊಲದೊಡೆಯ ಆಗಬೇಕು ಅಂತ ಇಡೀ ಉದ್ಯಮದ ಎದುರು ನಿಂತವರು ಅವರು. ಅವರ ಹೊಲದಲ್ಲೂ ಉಳುವವರು ಇದ್ದರಲ್ಲ. ಆ ತಂಡಕ್ಕೆ ಒಂದು ಗಟ್ಟಿಯಾದ ಪಾಲು ಕೊಟ್ಟು ಉಳಿಸಿಕೊಂಡಿದ್ದರೆ ಅನ್ನುವ ಯೋಚನೆ ನನ್ನನ್ನು ಬಿಡುವುದಿಲ್ಲ. ಅದೇ 1999ರಲ್ಲಿ ಅವರ ನೋ ಲಿಮಿಟ್ ಸ್ಪೋರ್ಟ್ಸ್ ಕಂಪನಿ ಅಮೆರಿಕನ್ ಫುಟ್‌ಬಾಲ್ ಆಟಗಾರ ರಿಕಿ ವಿಲಿಯಮ್ಸ್ ಪರವಾಗಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ಜೊತೆ ಮಾಡಿಸಿದ ಕರಾರು ನೋಡಿ. ಖಚಿತವಾಗಿ ಸಿಗುವ ಸಂಬಳ ಕಡಿಮೆ, ದೊಡ್ಡ ದೊಡ್ಡ ಗುರಿ ಮುಟ್ಟಿದರೆ ಮಾತ್ರ ಜಾಸ್ತಿ ಹಣ. ಆಟಗಾರನಿಗೆ ಇದರಿಂದ ನಷ್ಟ ಎಂದು ಆಗಲೇ ಎಲ್ಲ ಕಡೆ ಟೀಕೆ ಬಂತು. ತನ್ನ ಮೇಲೆ ತಾನೇ ಪಣ ಕಟ್ಟಿ ಗೆದ್ದವರು ಬೇರೆಯವರಿಗೂ ಅದನ್ನೇ ಹೇಳಿಕೊಟ್ಟರು. ಆದರೆ ಯಾವಾಗ ಬೇಕಾದರೂ ಮೊಣಕಾಲು ಮುರಿಯುವ ಆಟದಲ್ಲಿ ಆ ಪಣ ಬೇರೆಯೇ.

2001ರಲ್ಲಿ ಮಗ ಲಿಲ್ ರೋಮಿಯೋನ 'ಮೈ ಬೇಬಿ' ಹಾಡು ದೊಡ್ಡ ಹಿಟ್ ಆಯಿತು, ಪಟ್ಟಿಯಲ್ಲಿ ಮೂರನೇ ಸ್ಥಾನ. ಅದು ಕುಟುಂಬಕ್ಕೆ ಸಿಕ್ಕ ಹೊಸ ಉಸಿರು. ಕಂಪನಿಗೆ ಮಾತ್ರ ಹಳೆಯ ದಿನಗಳು ಮರಳಲಿಲ್ಲ. 2003ರ ಡಿಸೆಂಬರ್‌ನಲ್ಲಿ ನೋ ಲಿಮಿಟ್ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಸ್ವಲ್ಪ ಮೊದಲು, ನವೆಂಬರ್‌ನಲ್ಲಿ, ನೋ ಲಿಮಿಟ್‌ನಲ್ಲಿ ಹಾಡಿದ್ದ ಸೋಲ್ಜಾ ಸ್ಲಿಮ್ ನ್ಯೂ ಆರ್ಲಿಯನ್ಸ್‌ನಲ್ಲಿ ಗುಂಡೇಟಿಗೆ ಬಲಿಯಾದರು. ತಮ್ಮ ಸಿ-ಮರ್ಡರ್ ಮೇಲೆ 2002ರಲ್ಲಿ ನೈಟ್‌ಕ್ಲಬ್ ಒಂದರಲ್ಲಿ 16 ವರ್ಷದ ಹುಡುಗನನ್ನು ಕೊಂದ ಆರೋಪ ಬಂತು. 2009ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಹನ್ನೆರಡು ಜ್ಯೂರಿಗಳಲ್ಲಿ ಹತ್ತು ಮಂದಿ ತಪ್ಪಿತಸ್ಥ ಎಂದರು, ಇಬ್ಬರು ಒಪ್ಪಲಿಲ್ಲ. ನ್ಯೂ ಆರ್ಲಿಯನ್ಸ್ ಇರುವ ಲೂಸಿಯಾನಾ ರಾಜ್ಯದಲ್ಲಿ ಆಗ ಅಷ್ಟು ಸಾಕಾಗಿತ್ತು. 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಪದ್ಧತಿ ತಪ್ಪು ಎಂದಿತು. ಆದರೆ ಅಷ್ಟರಲ್ಲಿ ಮೇಲ್ಮನವಿ ಎಲ್ಲ ಮುಗಿದಿದ್ದ ಹಳೆಯ ಕೇಸುಗಳಿಗೆ ಅದರ ಲಾಭ ಸಿಗಲಿಲ್ಲ. ತಾನು ಕೊಂದಿಲ್ಲ ಎಂದೇ ಸಿ-ಮರ್ಡರ್ ಹೇಳುತ್ತಾ ಬಂದಿದ್ದಾರೆ. ಹುಡುಗನನ್ನು ಕಳೆದುಕೊಂಡ ಮನೆಯ ನೋವು ಒಂದು ಕಡೆ, ಇದು ಇನ್ನೊಂದು ಕಡೆ.

2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಬಂದು, ಒಡ್ಡುಗಳು ಒಡೆದು, ನ್ಯೂ ಆರ್ಲಿಯನ್ಸ್‌ನ ಬಹುಭಾಗ ನೀರಲ್ಲಿ ನಿಂತಿತು. ಕ್ಯಾಲಿಯೋಪ್‌ನ ಜನ ಚೆದುರಿ ಹೋದರು. ಆಮೇಲೆ ಆ ಇಟ್ಟಿಗೆ ಕಟ್ಟಡಗಳನ್ನು ಕೆಡವಿದರು. ಈಗ ಅಲ್ಲಿ ಮ್ಯಾರೆರೋ ಕಾಮನ್ಸ್ ಎಂಬ ಹೊಸ ಮನೆಗಳಿವೆ. ಹಾಡುಗಳಲ್ಲಿ ಕೂಗಿ ಕೂಗಿ ಹೇಳಿದ ಆ ವಿಳಾಸ ಇವತ್ತು ಹಾಡುಗಳಲ್ಲಿ ಮಾತ್ರ ಇದೆ. ಮಾಸ್ಟರ್ ಪಿ 2025ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ವಿಭಾಗದ ಹೊಣೆ ಹೊತ್ತರು. ಹುಡುಗನಾಗಿದ್ದಾಗ ಯಾವ ಆಟ ಹಿಡಿದು ಊರು ಬಿಟ್ಟರೋ ಅದೇ ಆಟ ಹಿಡಿದು ಊರಿಗೆ ಬಂದಿದ್ದಾರೆ.

ಸಿಡಿ ಕೊನೆಯ ಸಾಲಿನವರೆಗೂ ಹೋಗಿದೆ ಅಂದುಕೊಳ್ಳುತ್ತೇನೆ. ಅದನ್ನು ಮುಂದೆ ಕಳಿಸಿ, 'ಮೇಕ್ ಎಮ್ ಸೇ ಅಹ್!' ಹಾಕೋಣ. ಟಿವಿಯಲ್ಲಿ ಆ ಟ್ಯಾಂಕ್ ನೋಡಿದವರು ಇವತ್ತು ಕಣ್ಣು ಮುಚ್ಚಿಕೊಂಡು ಕೇಳಿ. ಮಾತಿನ ಕೆಳಗೆ ಡ್ರಮ್ ಹೇಗೆ ಹೆಜ್ಜೆ ಹಾಕುತ್ತೆ ಗಮನಿಸಿ. ಅದು ಕೆಎಲ್‌ಸಿ ಮಾಡಿದ್ದು. ಸೌಂಡ್ ಹತ್ತಿರ ಕೂತಿರುವ ತಮ್ಮ, ಬಾಸ್ ಸ್ವಲ್ಪ ಜಾಸ್ತಿ ಮಾಡಪ್ಪ.